ಸಾಫ್ಟ್‌ನರ್ ಕುಡಿದ ಸೈಕಲ್

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಲಾಂಡ್ರಿ ಯಜಮಾನರು ತಮ್ಮದೇ ಅಂಗಡಿಯೊಳಕ್ಕೆ ಹಿಂಬಾಗಿಲಿನಿಂದ ಕಳ್ಳನ ಹಾಗೆ ನುಸುಳಿದರು. ಕೈಯಲ್ಲಿ ಒಂದು ಸೈಕಲ್ಲಿತ್ತು. ಸೈಕಲ್ಲು ಎಂದು ಅವರ ಮಾತಿನ ಮೇಲೆ ನಂಬಬೇಕು, ಅಷ್ಟೆ. ನೋಡುವವರ ಕಣ್ಣಿಗೆ ಅದು ಎರಡು ಚಕ್ರದ ಮೇಲೆ ನಿಂತ ಕೆಸರಿನ ಗುಡ್ಡೆ. ಯಜಮಾನರೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿದ್ದರು. ಕನ್ನಡಕದ ಒಂದು ಗಾಜು ಮಾತ್ರ ಚೊಕ್ಕಟವಾಗಿತ್ತು, ದಾರಿ ಕಾಣಲೆಂದು ಅದನ್ನು ಹೆಬ್ಬೆರಳಿನಿಂದ ಒರೆಸಿಕೊಂಡಿದ್ದರು. ಅರವತ್ತೊಂದು ವರ್ಷದ ಮನುಷ್ಯ, ಈ ಅವಸ್ಥೆಯಲ್ಲಿ ನಾಚಿಕೆಯಿಂದ ತಲೆ ತಗ್ಗಿಸಬೇಕಾದವರು, ಕಿವಿಯಿಂದ ಕಿವಿಯವರೆಗೆ ಹಲ್ಲು ಬಿಡುತ್ತಿದ್ದರು.

ಸೈಕಲ್ಲು ಅವರದಲ್ಲ, ಎಂಟು ತಿಂಗಳ ಹಿಂದೆ ಮನೆಗೆ ಬಂದ ಸೊಸೆಯದು. ಬ್ಯಾಟರಿ, ಮೋಟಾರು ಇರುವ, ಗುಡ್ಡ ಹತ್ತುವ ಜಾತಿಯದು. ಸೊಸೆ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ಆಚೀಚೆಯಾದರೂ ಹಲ್ಲು ಬಾಯಲ್ಲಿ ಕೂರುವುದಿಲ್ಲ ಎಂಬ ಎಚ್ಚರದಲ್ಲೇ ದಿನ ಕಳೆಯುವವಳು. ಮದುವೆಗೆ ಮುಂಚೆ ಮೂರು ವರ್ಷ ಸಂಬಳ ಕೂಡಿಟ್ಟು ಈ ಸೈಕಲ್ ಕೊಂಡಿದ್ದಳು. ಮನೆಗೆ ಬಂದ ಮೊದಲ ವಾರವೇ, ಬಹಳ ಮೆತ್ತಗೆ, ನಗುನಗುತ್ತಲೇ, "ಇದೊಂದನ್ನ ಮಾತ್ರ ಯಾರೂ ಮುಟ್ಟಬೇಡಿ, ಆಯ್ತಾ?" ಎಂದಿದ್ದಳು. ರೇಗಿ ಹೇಳಿದ್ದರೆ ಮರೆತುಬಿಡಬಹುದಿತ್ತು. ನಗುತ್ತ ಹೇಳಿದ ಮಾತು ಎಲ್ಲರಿಗೂ ನೆನಪಿತ್ತು. ಬರುವ ಭಾನುವಾರ ಗುಡ್ಡದ ಮೇಲೆ ಅವಳ ರೇಸಿತ್ತು. ಇವತ್ತು ನಾಲ್ಕಕ್ಕೆ ಲ್ಯಾಬಿನಿಂದ ಬಂದವಳೇ ಅಭ್ಯಾಸಕ್ಕೆ ಹೊರಡುವವಳಿದ್ದಳು.

ಯಜಮಾನರು ಹಾದಿ ತಪ್ಪಿದ್ದು ಮೂರು ತಿಂಗಳ ಹಿಂದೆ. ಅಂಗಡಿಗೆ ಗುರುವಾರ ರಜೆ. ಅಂಥದ್ದೊಂದು ರಜೆಯ ದಿನ ಇಸ್ತ್ರಿ ಮೇಜು ಸರಿಸಬೇಕಾಗಿ ಬಂದು ಸೈಕಲ್ಲನ್ನು ಹೊರಗೆ ತಳ್ಳಿದರು. ಕೈ ಸುಮ್ಮನಿರದೆ ಒಂದು ಗುಂಡಿ ಒತ್ತಿತು. ಪುಟ್ಟ ಪರದೆ ಬೆಳಗಿತು. ಒಂದೇ ಒಂದು ಕಾಲನ್ನು ಪೆಡಲಿನ ಮೇಲಿಟ್ಟರು, ಹೇಗಿರುತ್ತದೋ ನೋಡೋಣ ಎಂದು. ಯಾರೋ ಬೆನ್ನ ಮೇಲೆ ಕೈಯಿಟ್ಟು 'ನಡಿ, ನಾನಿದ್ದೇನೆ' ಎಂದು ತಳ್ಳಿದ ಹಾಗಾಯಿತು. ಮೂವತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತು ಸವೆದ ಮಂಡಿಗಳು, ಮಹಡಿ ಮೆಟ್ಟಿಲು ಕಂಡರೆ ಮುಖ ತಿರುಗಿಸುವ ಮಂಡಿಗಳು, ಆವತ್ತು ಊರ ಹೊರಗಿನ ಗುಡ್ಡವನ್ನು ಸರಸರನೆ ಹತ್ತಿದವು. ತುದಿಯಲ್ಲಿರುವ ನೀರಿನ ಟ್ಯಾಂಕಿನ ಪಕ್ಕ ನಿಂತು ಅವರು ಒಬ್ಬರೇ ಜೋರಾಗಿ ನಕ್ಕರು. ಅಲ್ಲಿಂದೀಚೆಗೆ ಒಂದು ಗುರುವಾರವೂ ತಪ್ಪಿಲ್ಲ. ಸೊಸೆ ಬಸ್ಸಿಗೆ ಹೋದದ್ದೇ ತಡ, ಮಾವ ಗುಡ್ಡಕ್ಕೆ.

ಇಷ್ಟು ದಿನ ದಾರಿ ಒಣಗಿತ್ತು. ಟೈರು ಒರೆಸಿ, ಬ್ಯಾಟರಿಯನ್ನು ಸಿಕ್ಕಷ್ಟು ಹೊತ್ತು ಚಾರ್ಜಿಗಿಟ್ಟು, ಮೊದಲಿದ್ದ ಜಾಗದಲ್ಲೇ ಒರಗಿಸಿದರೆ ಮುಗಿಯುತ್ತಿತ್ತು. ನಿನ್ನೆ ಸಂಜೆ ಮಳೆ ಬಂದು ಟ್ಯಾಂಕಿನ ಹಿಂದಿನ ಇಳಿಜಾರಿನಲ್ಲಿ ಒಂದು ಹೊಂಡ ತುಂಬಿತ್ತು. ಬಳಸಿಕೊಂಡು ಹೋಗಲು ಬೇಕಾದಷ್ಟು ಜಾಗವಿತ್ತು. ಯಜಮಾನರು ನಡುವೆಯೇ ನುಗ್ಗಿಸಿದರು. ನೀರು ಎರಡೂ ಕಡೆ ರೆಕ್ಕೆಯ ಹಾಗೆ ಎದ್ದಿತು. ಬಹಳ ಚೆನ್ನಾಗಿತ್ತು. ತಿರುಗಿ ಬಂದು ಇನ್ನೊಮ್ಮೆ ನುಗ್ಗಿಸಿದರು. ಮೂರನೆಯ ಸಲ ಸೈಕಲ್ಲು ಆಚೆ ದಡಕ್ಕೆ ಹೋಯಿತು, ಯಜಮಾನರು ಹೊಂಡದಲ್ಲೇ ಉಳಿದರು.

ಈಗ ಎರಡು ಗಂಟೆ. ನಾಲ್ಕಕ್ಕೆ ಸೊಸೆ. ಗೊತ್ತಾದರೆ ಗುರುವಾರಗಳು ಹೋದವು, ಸೈಕಲ್ಲಿಗೆ ಬೀಗ ಬಿತ್ತು. ಅದನ್ನಾದರೂ ಹೇಗೋ ತಡೆದುಕೊಳ್ಳಬಹುದು. ಅದಕ್ಕಿಂತ ದೊಡ್ಡದೊಂದು ಮುಳ್ಳು ಅವರ ಮನಸ್ಸಿನಲ್ಲಿತ್ತು. ಈ ಎಂಟು ತಿಂಗಳಲ್ಲಿ ಸೊಸೆ ತನ್ನ ಒಂದೇ ಒಂದು ಬಟ್ಟೆಯನ್ನೂ ಮನೆಯ ಲಾಂಡ್ರಿಗೆ ಹಾಕಿರಲಿಲ್ಲ. ಊರಿನ ಕೋಟು, ಪರದೆ, ಹೋಟೆಲಿನ ಬೆಡ್‌ಶೀಟು ಎಲ್ಲ ಇವರ ಕೈಗೆ ಬರುತ್ತದೆ. ಮಹಡಿಯ ಮೇಲಿರುವ ಸೊಸೆ ಮಾತ್ರ ತನ್ನ ಬಟ್ಟೆಯನ್ನು ಬಚ್ಚಲಲ್ಲಿ ತಾನೇ ತೊಳೆದು ಬಾಲ್ಕನಿಯಲ್ಲಿ ಹರವುತ್ತಾಳೆ. ಲಾಂಡ್ರಿಯಲ್ಲಿ ಪ್ರತಿ ಬಟ್ಟೆಯ ಕಾಲರಿನ ಒಳಗೆ ಅಳಿಸದ ಶಾಯಿಯಲ್ಲಿ ಒಂದು ನಂಬರು ಬರೆಯುತ್ತಾರೆ. ಯಜಮಾನರದು ಒಂದು, ಹೆಂಡತಿಯದು ಎರಡು, ವ್ಯಾನಿನಲ್ಲಿ ಬಟ್ಟೆ ಹಂಚುವ ಮಗನದು ಮೂರು. ಗಿರಾಕಿಗಳ ಲೆಕ್ಕ ಶುರುವಾಗುವುದು ಐದರಿಂದ. ನಾಲ್ಕನ್ನು ಅಂಗಡಿ ತೆರೆದ ದಿನದಿಂದ ಯಾರಿಗೂ ಕೊಟ್ಟಿಲ್ಲ. ಅವಳೇನು ತಮ್ಮನ್ನು ನಂಬುವುದಿಲ್ಲವೋ, ತಮ್ಮ ಕೆಲಸ ಅವಳಿಗೆ ಕೊಳಕೆನಿಸುತ್ತದೋ ಎಂದು ಅವರು ಒಳಗೊಳಗೇ ನೊಂದಿದ್ದರು. ಕೇಳಲು ಬಾಯಿ ಬಂದಿರಲಿಲ್ಲ. ಇಂಥವಳ ಮುಂದೆ, 'ನೀನು ಮುಟ್ಟಬೇಡಿ ಎಂದಿದ್ದನ್ನು ಮೂರು ತಿಂಗಳಿಂದ ಮುಟ್ಟುತ್ತಿದ್ದೇನಮ್ಮಾ' ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಆದರೂ ಒಂದು ಧೈರ್ಯವಿತ್ತು. ಕೊಳೆಯ ವಿಷಯದಲ್ಲಿ ಅವರದು ಎತ್ತಿದ ಕೈ. ಮದುವೆ ಕೋಟಿನ ಮೇಲೆ ಚೆಲ್ಲಿದ ದ್ರಾಕ್ಷಾರಸ, ಜಡ್ಜರ ಗೌನಿಗೆ ಅಂಟಿದ ಟಾರು, ಎಲ್ಲವನ್ನೂ ಗೆದ್ದವರು. ಯಃಕಶ್ಚಿತ್ ಕೆಸರು!

ಯಾವುದನ್ನೇ ತೊಳೆಯುವ ಮುಂಚೆ ಕಾಲರಿನ ಚೀಟಿ ಓದಬೇಕು ಎಂಬುದು ಅವರ ವ್ರತ. ಸೈಕಲ್ಲಿಗೆ ಕಾಲರು ಎಲ್ಲಿ? ಸೀಟಿನ ಕೆಳಗೆ ನೋಡಿದರು, ಹ್ಯಾಂಡಲ್ಲಿನ ಹಿಂದೆ ನೋಡಿದರು, ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ ಮೋಟಾರಿನ ಹತ್ತಿರ ಕೆಸರು ಕೆರೆದಾಗ ಚೀಟಿ ಸಿಕ್ಕೇಬಿಟ್ಟಿತು. ಎರಡು ಚಿತ್ರ. ಒಂದರಲ್ಲಿ ರಭಸವಾಗಿ ನೀರುಗುಳುವ ಪೈಪು, ಅದರ ಮೇಲೆ ಕೆಂಪು ಗೀಟು. ಇನ್ನೊಂದರಲ್ಲಿ ಬ್ಯಾಟರಿಯನ್ನು ಹೊರಗೆ ತೆಗೆಯುತ್ತಿರುವ ಕೈ.

"ಅರ್ಥವಾಯ್ತು ಬಿಡು," ಎಂದರು ಯಜಮಾನರು ಸೈಕಲ್ಲಿಗೆ. "ನೀನು ರೇಷ್ಮೆ."

ರೇಷ್ಮೆ ಎಂದು ತೀರ್ಮಾನವಾದ ಮೇಲೆ ಅವರ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಸ್ವಿಚ್ಚು ಆರಿಸಿದರು. ಬ್ಯಾಟರಿ ಕಳಚಿ, ಒರೆಸಿ, ಒದ್ದೆಯಿಲ್ಲದ ಇಸ್ತ್ರಿ ಮೇಜಿನ ಮೇಲೆ ಚಾರ್ಜಿಗಿಟ್ಟರು. ಬ್ಯಾಟರಿ ಕೂರುವ ಗೂಡಿಗೂ ಪರದೆಗೂ ಕೋಟುಗಳಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆ ಕತ್ತರಿಸಿ ಬಿಗಿಯಾಗಿ ಸುತ್ತಿದರು. ಭಾರದ ಕೋಟು ನೇತುಹಾಕುವ ಕಬ್ಬಿಣದ ಕೊಳವೆಗೆ ಸೀಟಿನ ಮೂತಿ ಸಿಕ್ಕಿಸಿ ಸೈಕಲ್ಲನ್ನು ತೂಗುಬಿಟ್ಟರು. ಮಗ್ಗಿನಲ್ಲಿ ನೀರು ತೆಗೆದುಕೊಂಡು ಮೇಲಿನಿಂದ ನಿಧಾನವಾಗಿ ಸುರಿಯತೊಡಗಿದರು.

ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿದ ಹೆಂಡತಿ ಆಕಳಿಸುತ್ತ ಮೆಟ್ಟಿಲಿಳಿದು ಬಂದರು. ಆಕಳಿಕೆ ಅರ್ಧಕ್ಕೇ ನಿಂತಿತು.

"ಏನ್ರೀ ಇದು ಅವತಾರ!"

"ಶ್! ಸೈಕಲ್ ತೊಳೀತಿದೀನಿ."

"ಅದು ಕಾಣ್ತಿದೆ. ನೀವ್ಯಾಕೆ ಹೂತಿಟ್ಟು ಅಗೆದು ತೆಗೆದೋರ ಥರ ಇದೀರಿ?"

ಯಜಮಾನರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು.

"ಮೂರು ತಿಂಗಳಿಂದ! ಗುರುವಾರ ಗುರುವಾರ ಪಾರ್ಕಲ್ಲಿ ವಾಕಿಂಗ್ ಅಂತಿದ್ರಲ್ಲ?"

"ಪಾರ್ಕಿನ ಪಕ್ಕದಲ್ಲೇ ಹೋಗೋದು ಕಣೇ."

"ನನಗೆ ಮಂಡಿ ನೋವು, ಗ್ಯಾಸ್ ಸಿಲಿಂಡರ್ ಎತ್ತಿಡೋಕಾಗಲ್ಲ ಅಂದೋರು ಗುಡ್ಡ ಹತ್ತಿದ್ರಾ?"

"ಅದು ಮೋಟಾರು ಹತ್ತೋದು. ನಾನು ಸುಮ್ಮನೆ ಮೇಲೆ ಕೂತಿರ್ತೀನಿ."

ಬೈಗುಳ ಬರುತ್ತದೆ ಎಂದು ಯಜಮಾನರು ಹೆಗಲು ಕುಗ್ಗಿಸಿ ಕಾದರು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನನ್ನನ್ನ ಒಂದು ಸಲನಾದ್ರೂ ಕರ್ಕೊಂಡು ಹೋಗಬೇಕು ಅನ್ನಿಸ್ಲಿಲ್ಲ, ಅಲ್ವಾ? ಇರ್ಲಿ, ಆಮೇಲೆ ನೋಡ್ಕೋತೀನಿ. ಈಗ ಸರೀರಿ, ಸ್ಟೀಮ್ ಗನ್ ತರ್ತೀನಿ, ಎರಡು ನಿಮಿಷದ ಕೆಲಸ."

"ಬೇಡ್ವೇ ಬೇಡ!" ಯಜಮಾನರು ಅಡ್ಡ ನಿಂತರು. "ರಭಸದ ನೀರು, ಆವಿ ಏನೂ ಹಾಕಂಗಿಲ್ಲ. ಚಕ್ರದ ನಡುವೆ, ಪೆಡಲಿನ ಬುಡದಲ್ಲಿ ಗ್ರೀಸ್ ಇರುತ್ತೆ. ನೀರು ನುಗ್ಗಿದ್ರೆ ಗ್ರೀಸ್ ಹೊರಗೆ, ತುಕ್ಕು ಒಳಗೆ. ಮೋಟಾರಿಗೂ ಆಗಲ್ಲ. ಇದು ಕೈಯಲ್ಲಿ ಒಗೆಯೋ ಬಟ್ಟೆ."

"ಓಹೋ," ಎಂದರು ಹೆಂಡತಿ. "ನನ್ನ ಸೀರೆಗೆ ಇಷ್ಟು ಕಾಳಜಿ ಮಾಡಿದ್ದು ನೋಡ್ಲಿಲ್ಲ."

ಇಬ್ಬರೂ ಟೊಂಕ ಕಟ್ಟಿ ನಿಂತರು. ಒಣಗಿದ ಮಣ್ಣನ್ನು ಉಜ್ಜಿದರೆ ಬಣ್ಣ ಗೀರುತ್ತದೆಂದು ಮೊದಲು ಚೆನ್ನಾಗಿ ನೆನೆಸಿದರು. ಮೆದುವಾದ ಸೋಪಿನ ನೀರಲ್ಲಿ ಸ್ಪಂಜು ಅದ್ದಿ ಹೆಂಡತಿ ಮೈಯನ್ನು ತೊಳೆದರು. ಕಾಲರ್ ಉಜ್ಜುವ ಹಳೆಯ ಬ್ರಶ್ಶು, ಬೇರೆಯದೇ ಬಕೆಟ್ಟು ಹಿಡಿದು ಯಜಮಾನರು ಚೈನಿಗೆ ಕೂತರು. ಜಿಡ್ಡಿನ ನೀರು ಒಳ್ಳೆಯ ನೀರಿಗೆ ತಾಗಬಾರದು ಎಂದು ಅವರಿಗೆ ಹುಟ್ಟಿನಿಂದಲೇ ಗೊತ್ತು. ಕೆಸರಿನ ಕೆಳಗಿನಿಂದ ಹಸಿರು ಬಣ್ಣ ಇಷ್ಟಿಷ್ಟೇ ಹೊರಬಂದಂತೆ ಹೆಂಡತಿಗೆ ಉಮೇದು ಹತ್ತಿ ಹಾಡು ಗುನುಗತೊಡಗಿದರು. ಯಜಮಾನರು ತಾಳ ಹಾಕಲು ಹೋಗಿ ಹೆಂಡತಿಯ ಮೇಲೆ ಮಗ್ಗು ಚೆಲ್ಲಿದರು. ಹೆಂಡತಿ ಸ್ಪಂಜು ಹಿಂಡಿದರು, ಅವರ ತಲೆಯ ಮೇಲೆ. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಆ ಅಂಗಡಿಯೊಳಗೆ ಅಷ್ಟು ನೀರು ಸುಮ್ಮಸುಮ್ಮನೆ ಖರ್ಚಾಗಿದ್ದು ಅದೇ ಮೊದಲು.

ಮೂರು ಇಪ್ಪತ್ತಕ್ಕೆ ಸೈಕಲ್ಲು ತಳತಳಿಸಿತು. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಲಾಂಡ್ರಿಯವರ ಕೈ ಕೊನೆಯ ಬಕೆಟ್ಟಿಲ್ಲದೆ ನಿಲ್ಲುವುದಿಲ್ಲ. ಸೋಪು ಹೋದ ಮೇಲೆ ಒಂದು ಬಕೆಟ್ಟು ತಿಳಿನೀರು, ಅದಕ್ಕೆ ನೀಲಿ ಕ್ಯಾನಿನಿಂದ ಒಂದು ಮುಚ್ಚಳ ಸಾಫ್ಟ್‌ನರ್. ಬಟ್ಟೆ ಮೆತ್ತಗಾಗುತ್ತದೆ, ಹೂವಿನ ಹಾಗೆ ಘಮಘಮಿಸುತ್ತದೆ. ಅದು ಅವರ ಅಂಗಡಿಯ ಹೆಗ್ಗುರುತು. ಮೂವತ್ತು ವರ್ಷದಲ್ಲಿ ಆ ಬಕೆಟ್ಟು ಕಾಣದೆ ಹೊರಗೆ ಹೋದ ವಸ್ತುವಿಲ್ಲ. ಇವತ್ತು ಒಂದು ಮುಚ್ಚಳ ಸಾಲದೆನಿಸಿ, ಸೊಸೆಯ ಸೈಕಲ್ಲೆಂಬ ಅಭಿಮಾನಕ್ಕೆ ಮೂರು ಮುಚ್ಚಳ ಹಾಕಿದರು. ಮೇಲಿನಿಂದ ಕೆಳಗಿನವರೆಗೆ, ಎರಡೂ ಚಕ್ರ ತಿರುಗಿಸಿ ತಿರುಗಿಸಿ, ಕಡ್ಡಿ, ರಿಮ್ಮು, ಚಕ್ರದ ನಡುವೆ ಹೊಳೆಯುವ ಬ್ರೇಕಿನ ಬಿಲ್ಲೆ, ಒಂದನ್ನೂ ಬಿಡದೆ ಮೀಯಿಸಿದರು. ಮೋಟಾರಿನ ಮೇಲಿನ ಚೀಟಿಯಲ್ಲಿ ಸಾಫ್ಟ್‌ನರ್ ಮೇಲೆ ಕೆಂಪು ಗೀಟಿರಲಿಲ್ಲ. ಸೈಕಲ್ಲಿಗೆ ಸಾಫ್ಟ್‌ನರ್ ಹಾಕುವ ಮನುಷ್ಯ ಲೋಕದಲ್ಲಿ ಇದ್ದಾನೆಂದು ಚೀಟಿ ಬರೆದವರಿಗೆ ಕನಸು ಬಿದ್ದಿರಲಿಕ್ಕಿಲ್ಲ.

ಆಮೇಲೆ ಆರು ಟವೆಲ್ಲಿನಲ್ಲಿ ಒರೆಸಿದರು. ಹೊಲಿಗೆ ಯಂತ್ರದ ಎಣ್ಣೆಯನ್ನು ಚೈನಿನ ಕೊಂಡಿಗೊಂದು ತೊಟ್ಟಿನಂತೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿದರು. ಎಣ್ಣೆ ಬಿಡುವಾಗ ಬ್ರೇಕಿನ ಬಿಲ್ಲೆಗೆ ಒಂದು ಹನಿಯೂ ಸಿಡಿಯಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಸುವಷ್ಟು ಜಾಣತನ ತೋರಿದರು. ಬ್ಯಾಟರಿ ಕೂರಿಸಿದರು. ತಾವೂ ಮಿಂದು ಇಸ್ತ್ರಿ ಅಂಗಿ ತೊಟ್ಟು, ನಾಲ್ಕಕ್ಕೆ ಐದು ನಿಮಿಷವಿರುವಾಗ ಪೇಪರು ಹಿಡಿದು ಕುರ್ಚಿಯಲ್ಲಿ ಕೂತರು. ಪೇಪರು ತಲೆಕೆಳಗಾಗಿತ್ತು. ಹೆಂಡತಿ ನೇರ ಮಾಡಿದರು.

ಸೊಸೆ ಬಂದಳು. ಬಾಗಿಲಲ್ಲೇ ನಿಂತು ಮೂಗರಳಿಸಿದಳು. "ಏನಿಷ್ಟು ಘಮಘಮ? ಯಾರದ್ದಾದ್ರೂ ಮದುವೆ ಬಟ್ಟೆನಾ?"

ಅತ್ತೆ ಒಗೆದಿಟ್ಟಿದ್ದ ಟವೆಲ್ಲುಗಳನ್ನು ಇನ್ನೊಮ್ಮೆ ಮಡಚತೊಡಗಿದರು. ಅಷ್ಟರಲ್ಲಿ ಸೈಕಲ್ಲು ಸೊಸೆಯ ಕಣ್ಣಿಗೆ ಬಿತ್ತು.

"ಇದು..."

"ಧೂಳಾಗಿತ್ತಮ್ಮಾ," ಎಂದರು ಯಜಮಾನರು ಪೇಪರಿನ ಹಿಂದಿನಿಂದ. "ಭಾನುವಾರ ರೇಸು ಅಂದಿದ್ಯಲ್ಲ. ಸ್ವಲ್ಪ ಒರೆಸಿದೆ. ನೀರಿನ ಪೈಪು ಮುಟ್ಟಿಲ್ಲ, ಬ್ಯಾಟರಿ ತೆಗೆದೇ ಒರೆಸಿದ್ದು."

ಸೊಸೆ ಬಗ್ಗಿ ಚೈನು ನೋಡಿದಳು, ಕಡ್ಡಿಗಳ ಬುಡ ನೋಡಿದಳು. ಹಲ್ಲಿನ ಅಚ್ಚು ನೋಡುವ ಕಣ್ಣು ಅದು, ಏನನ್ನೂ ಬಿಡುವುದಿಲ್ಲ. ಆಮೇಲೆ ಎದ್ದು ನಿಂತಳು. ದನಿ ಮೆತ್ತಗಾಗಿತ್ತು. "ಮಾವ, ಅಂಗಡಿಯೋರು ಕೂಡ ಇಷ್ಟು ಚೆನ್ನಾಗಿ ತೊಳೆಯಲ್ಲ. ನನ್ನ ರೇಸಿಗೋಸ್ಕರ ರಜೆ ದಿನ ಇಷ್ಟೆಲ್ಲ ಮಾಡಿದ್ರಾ?"

ಯಜಮಾನರು ಇಂಗು ತಿಂದ ಮಂಗನಂತಾದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ಮೇಲೆ ಹೋಗಿ ರೇಸಿನ ಜೆರ್ಸಿ ತೊಟ್ಟು, ಹೆಲ್ಮೆಟ್ಟು ಹಾಕಿಕೊಂಡು ಬಂದಳು. ಸೈಕಲ್ಲನ್ನು ಹಿಂಬಾಗಿಲಿಗೆ ತಂದು, ಎರಡೂ ಬ್ರೇಕು ಹಿಂಡಿ ನೋಡಿದಳು. ಹಿಡಿ ಗಟ್ಟಿಯಾಗಿಯೇ ಇತ್ತು. ಹಿಂಬಾಗಿಲಿನಿಂದ ಒಂದು ಓಣಿ ಇಳಿಜಾರಾಗಿ ಹೋಗಿ ಬಟ್ಟೆ ಒಣಗಿಸುವ ಅಂಗಳವನ್ನು ಸೇರುತ್ತಿತ್ತು, ಅಲ್ಲಿಂದ ಎಡಕ್ಕೆ ತಿರುಗಿದರೆ ರಸ್ತೆ. ಯಜಮಾನರು ಕಳಿಸಿಕೊಡಲು ಬಂದು ನಿಂತಿದ್ದರು. ಸೊಸೆ ನೀರಿನ ಬಾಟಲಿಯನ್ನು ಅದರ ಗೂಡಿಗೆ ಸಿಕ್ಕಿಸುವಾಗ ನಾಲ್ಕು ಹನಿ ಚೆಲ್ಲಿ ಮುಂದಿನ ಬ್ರೇಕಿನ ಬಿಲ್ಲೆಯ ಮೇಲೆ ಬಿತ್ತು.

ಹನಿ ಹರಡಲಿಲ್ಲ. ಮುತ್ತಿನ ಹಾಗೆ ಉಂಡೆಯಾಗಿ, ಜಾರಿ ಕೆಳಗುದುರಿತು.

ಯಜಮಾನರು ಬಿಲ್ಲೆಯ ಕಡೆಗೆ ಬಗ್ಗಿದರು. ಆ ಉಂಡೆಯನ್ನು ಅವರು ಮೂವತ್ತು ವರ್ಷದಿಂದ ಕಂಡಿದ್ದರು. ಸಾಫ್ಟ್‌ನರ್ ಹೆಚ್ಚಾದ ಟವೆಲ್ಲಿನ ಮೇಲೆ ನೀರು ನಿಲ್ಲುವುದು ಹೀಗೆಯೇ. ಅದು ಪ್ರತಿ ಎಳೆಗೂ ನುಣುಪಾದ ಪೊರೆ ಹೊದಿಸುತ್ತದೆ, ಎಳೆಗೆ ಎಳೆ ಉಜ್ಜುವುದಿಲ್ಲ, ಅದಕ್ಕೇ ಮೆತ್ತಗಿರುವುದು ಎಂದು ಗಿರಾಕಿಗಳಿಗೆ ಪಾಠ ಹೇಳಿದವರು ಅವರೇ. ಮತ್ತು ಬ್ರೇಕು ಎಂದರೆ ಉಜ್ಜುವುದು. ಉಜ್ಜುವುದು ಬಿಟ್ಟು ಬ್ರೇಕಿಗೆ ಬೇರೆ ಕೆಲಸವೇ ಇಲ್ಲ.

"ಬರ್ತೀನಿ ಮಾವ," ಎಂದು ಸೊಸೆ ಹೊರಟೇಬಿಟ್ಟಳು.

"ಬ್ರೇಕು!" ಎಂದು ಕಿರುಚಿ ಯಜಮಾನರು ಓಡಿ ಸೀಟಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದರು. ಮಂಡಿಗೆ ಮೋಟಾರಿಲ್ಲದೆಯೂ ಓಡಲು ಬರುತ್ತದೆಂದು ಅವರಿಗೆ ತಿಳಿದದ್ದು ಆಗಲೇ. ಬ್ರೇಕೆಂಬ ಮಾತು ಕೇಳಿ ಸೊಸೆ ಎರಡೂ ಬ್ರೇಕು ಹಿಂಡಿದಳು. ಸೈಕಲ್ಲು 'ಸುಂಯ್' ಎಂದು ಹಿತವಾದ ದನಿ ಮಾಡಿ, ಇನ್ನಷ್ಟು ಘಮಘಮಿಸುತ್ತ, ನಿಲ್ಲುವ ಯಾವ ಆಸಕ್ತಿಯನ್ನೂ ತೋರದೆ ಇಳಿಯಿತು.

"ಮಾವ, ಬ್ರೇಕು ಹಿಡೀತಿಲ್ಲ!"

"ಗೊತ್ತಮ್ಮಾ!"

"ಹೇಗೆ ಗೊತ್ತು?"

"ಆಮೇಲೆ ಹೇಳ್ತೀನಮ್ಮಾ, ನೇರ ಹಿಡಿ!"

ಒಂದು ಚಪ್ಪಲಿ ಓಣಿಯ ನಡುವೆ ಉಳಿಯಿತು, ಇನ್ನೊಂದು ತಿರುವಿನಲ್ಲಿ. ರಸ್ತೆಗೆ ಹೋಗುವ ಬದಲು ಸೊಸೆ ಜಾಣತನದಿಂದ ಅಂಗಳದ ಕಡೆಗೇ ಬಿಟ್ಟಳು. ಅಂಗಳದಲ್ಲಿ ಹೋಟೆಲಿನ ನಲವತ್ತು ಬಿಳಿ ಬೆಡ್‌ಶೀಟುಗಳು ನಾಲ್ಕು ಸಾಲಿನಲ್ಲಿ ಗಾಳಿಗೆ ಆಡುತ್ತಿದ್ದವು. ಮೊದಲನೆಯ ಸಾಲು ತಡೆಯಲಿಲ್ಲ. ಎರಡನೆಯದು ಹಗ್ಗದ ಸಮೇತ ಜೊತೆಗೆ ಬಂತು. ಮೂರನೆಯದು ಎಲ್ಲರನ್ನೂ ಸುತ್ತಿಕೊಂಡಿತು. ನಾಲ್ಕನೆಯ ಸಾಲಿನ ಬುಡದಲ್ಲಿ ಸೈಕಲ್ಲು, ಮಾವ, ಸೊಸೆ, ಮೂವರೂ ಒಂದೇ ಗಂಟಾಗಿ, ಸದ್ದಿಲ್ಲದೆ ಹುಲ್ಲಿನ ಮೇಲೆ ಒರಗಿದರು.

ಬೆಡ್‌ಶೀಟಿನ ಒಳಗೆ ಎಲ್ಲವೂ ಬೆಳ್ಳಗಿತ್ತು.

"ಪೆಟ್ಟಾಯ್ತಾ ಅಮ್ಮಾ?"

"ಇಲ್ಲ. ನಿಮಗೆ?"

"ನನಗೇನಾಗುತ್ತೆ, ಗುಂಡುಕಲ್ಲು. ಬ್ರೇಕಿಗೆ ಸಾಫ್ಟ್‌ನರ್ ಹಾಕಿದ್ದು ನಾನೇ," ಎಂದರು ಯಜಮಾನರು. ಮುಖ ಕಾಣದಿದ್ದುದು ಒಳ್ಳೆಯದೇ ಆಯಿತು, ಮಾತು ತಡೆಯಿಲ್ಲದೆ ಬಂತು. "ಬರೀ ಧೂಳು ಅಂದಿದ್ದು ಸುಳ್ಳು. ಕೆಸರು ಮಾಡಿದ್ದೂ ನಾನೇ. ಮೂರು ತಿಂಗಳಿಂದ ಪ್ರತಿ ಗುರುವಾರ ನಿನ್ನ ಸೈಕಲ್ ತಗೊಂಡು ಗುಡ್ಡಕ್ಕೆ ಹೋಗ್ತಿದೀನಿ. ನೀನು ಮುಟ್ಟಬೇಡಿ ಅಂದಿದ್ದೆ. ನಾನು ಮುಟ್ಟಿದೆ. ತಪ್ಪಾಯ್ತು. ನಿನಗೆ ಏನಾದ್ರೂ ಆಗಿದ್ರೆ ನಾನು..."

ಬೆಡ್‌ಶೀಟಿನ ಆಚೆ ಹೆಲ್ಮೆಟ್ಟಿನ ಉಬ್ಬು ಇವರ ಕಡೆಗೆ ತಿರುಗಿತು.

"ಗುರುವಾರ," ಎಂದಳು ಸೊಸೆ. "ಪ್ರತಿ ಗುರುವಾರ ಸಾಯಂಕಾಲ ಬ್ಯಾಟರಿ ಅರ್ಧಕ್ಕರ್ಧ ಇಳಿದಿರ್ತಿತ್ತು."

"ಹೂಂ."

"ನಾನು ಆ ಸೈಕಲ್ ಅಂಗಡಿಯೋರಿಗೆ ನಾಲ್ಕು ಸಲ ಫೋನ್ ಮಾಡಿ ಜಗಳ ಆಡಿದೀನಿ, ಮಾವ. ನಿಮ್ಮ ಬ್ಯಾಟರಿ ಸರಿ ಇಲ್ಲ, ವಾರಕ್ಕೊಂದು ದಿನ ಸೋರುತ್ತೆ ಅಂತ. ಅವರು, ಗುರುವಾರ ಮಾತ್ರ ಸೋರೋ ಬ್ಯಾಟರಿ ಇಲ್ಲಮ್ಮ ಅಂದ್ರು. ನಾನು, ನನಗೇ ಸುಳ್ಳು ಹೇಳ್ತೀರಾ ಅಂದೆ."

ಬೆಡ್‌ಶೀಟು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡರು ಯಜಮಾನರು. ಬಟ್ಟೆ ಸರಿಸಿ ನೋಡಿದರೆ ಅವಳು ಹೆಲ್ಮೆಟ್ಟಿನ ಸಮೇತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಂಟು ತಿಂಗಳಲ್ಲಿ 'ಊಟ ಆಯ್ತಾ ಮಾವ' ಎಂಬಷ್ಟರಲ್ಲೇ ಮಾತು ಮುಗಿಸುತ್ತಿದ್ದ ಹುಡುಗಿ ಉಸಿರು ಸಿಗದೆ ನಗುತ್ತಿದ್ದಳು.

"ಎಲ್ಲೀತನಕ ಹೋಗಿದ್ರಿ?"

"ಟ್ಯಾಂಕಿನ ತನಕ."

"ಟ್ಯಾಂಕಿನ ತನಕ! ಯಾವ ಮೋಡ್‌ನಲ್ಲಿ?"

"ಎಲ್ಲಕ್ಕಿಂತ ಮೇಲಿಂದು. ಕೆಂಪು ದೀಪ ಬರುತ್ತಲ್ಲ, ಅದು."

"ಅಯ್ಯೋ ಮಾವ!" ಎಂದು ಅವಳು ಮತ್ತೆ ಬೆಡ್‌ಶೀಟಿನೊಳಗೆ ಮುಳುಗಿದಳು. ನಗು ಇಳಿದ ಮೇಲೆ ಎದ್ದು ಕೂತು ಚಕ್ರ ಮೂಸಿದಳು. "ಸಾಫ್ಟ್‌ನರ್. ಸೈಕಲ್ಲಿಗೂ ಬಿಡ್ಲಿಲ್ಲ ನೀವು. ನಾನ್ಯಾಕೆ ನಿಮಗೆ ಬಟ್ಟೆ ಕೊಡಲ್ಲ ಅಂದ್ಕೊಂಡಿದೀರಿ?"

ಯಜಮಾನರು ಅವಳ ಕಡೆಗೆ ತಿರುಗಿ ಕೂತರು. "ಯಾಕೆ?"

"ಈ ಜೆರ್ಸಿ ಇದೆಯಲ್ಲ, ಇದು ಬೆವರು ಹೀರಬೇಕು. ಸಾಫ್ಟ್‌ನರ್ ಬಿದ್ರೆ ಹೀರೋದೇ ಇಲ್ಲ, ಮುಗೀತು ಅದರ ಕಥೆ. ನಿಮಗೆ ಸಾಫ್ಟ್‌ನರ್ ಅಂದ್ರೆ ಪ್ರಾಣ. ಹಾಕಬೇಡಿ ಅಂತ ಹೇಗೆ ಹೇಳೋದು? ಇದೊಂದನ್ನ ಮಾತ್ರ ಕೊಡದಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಯಾವುದನ್ನೂ ಕೊಡ್ಲಿಲ್ಲ."

"ಬೇಜಾರಾಗುತ್ತೆ ಅಂತ!" ಯಜಮಾನರು ಆಕಾಶ ನೋಡಿದರು. ಎಂಟು ತಿಂಗಳು ಹೊತ್ತ ಭಾರ ಇಷ್ಟು ಹಗುರವಾದದ್ದೇ? ಅಳಬೇಕೋ ನಗಬೇಕೋ ತಿಳಿಯದೆ ಅವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಅಂಗಳದ ತುದಿಯಿಂದ ಹೆಂಡತಿಯ ದನಿ ಬಂತು. ಎರಡು ಕೈಯಲ್ಲಿ ಎರಡು ಚಪ್ಪಲಿ ಹಿಡಿದು ಅವರು ನೆಲದ ಮೇಲಿನ ಬಿಳಿ ಗಂಟನ್ನು ನೋಡುತ್ತಿದ್ದರು. "ಬೆಳಿಗ್ಗೆಯಿಂದ ಒಬ್ಬಳೇ ಹರವಿದ್ದು ನಾನು! ನಲವತ್ತು! ಯಾರು ಬದುಕಿದೀರಿ ಹೇಳಿ, ಮೊದಲು ಅವರಿಗೇ ಬೈತೀನಿ."

ಆಮೇಲಿನದೆಲ್ಲ ಕೆಲಸ. ಬ್ರೇಕಿಗೆ ಅಂಟಿದ ಜಿಡ್ಡು ಬಿಡಿಸಲು ಶುದ್ಧ ಸ್ಪಿರಿಟ್ ಬೇಕು ಎಂದಳು ಸೊಸೆ, ಈಗ ಎಲ್ಲಿ ಹುಡುಕುವುದು ಎಂದು ಹಣೆ ಚಚ್ಚಿಕೊಂಡಳು. ಯಜಮಾನರು ಎದೆಯುಬ್ಬಿಸಿ ಒಳಗೆ ಹೋಗಿ, ಜೇಬಿನ ಪೆನ್ನಿನ ಶಾಯಿಕಲೆ ತೆಗೆಯಲು ಇಟ್ಟಿದ್ದ ಸ್ಪಿರಿಟಿನ ಬಾಟಲಿ ತಂದು ಅವಳ ಮುಂದೆ ಕುಕ್ಕಿದರು. ಬಿಲ್ಲೆಗಳನ್ನು ಬಿಳಿ ಬಟ್ಟೆಯಲ್ಲಿ ಒರೆಸಿದರು. ಬಟ್ಟೆಗೆ ಏನೂ ಅಂಟದಿರುವವರೆಗೆ, ಆರು ಬಟ್ಟೆ ಬದಲಿಸಿ ಒರೆಸಿದರು. ಇಂಥ ಕೆಲಸದಲ್ಲಿ ಅವರಿಗೆ ಹೇಳಿಕೊಡುವವರಿರಲಿಲ್ಲ. ಸೊಸೆ ಹಳೆಯ ಬ್ರೇಕ್ ಪ್ಯಾಡ್ ಬಿಚ್ಚಿ, ರೇಸಿಗೆಂದು ತಂದಿಟ್ಟಿದ್ದ ಹೊಸ ಪ್ಯಾಡ್ ಹಾಕಿದಳು.

"ಇಷ್ಟಕ್ಕೇ ಹಿಡಿಯಲ್ಲ," ಎಂದಳು ಕೈ ಒರೆಸಿಕೊಳ್ಳುತ್ತ. "ಹೊಸ ಪ್ಯಾಡು ಬಿಲ್ಲೆಗೆ ಒಗ್ಗಬೇಕು. ಮಟ್ಟಸವಾದ ಜಾಗದಲ್ಲಿ ಸ್ವಲ್ಪ ವೇಗ ಹೋಗಿ ಬ್ರೇಕ್ ಹಿಡೀಬೇಕು, ಮತ್ತೆ ಹೋಗಬೇಕು, ಮತ್ತೆ ಹಿಡೀಬೇಕು. ಇಪ್ಪತ್ತು ಸಲ. ಭಾರಿ ಬೇಜಾರಿನ ಕೆಲಸ." ಹೆಲ್ಮೆಟ್ಟನ್ನು ತೆಗೆದು ಮಾವನ ಕಡೆಗೆ ಚಾಚಿದಳು. "ಹಾಳು ಮಾಡಿದೋರೇ ಮಾಡಬೇಕು. ಇದು ಶಿಕ್ಷೆ."

ಯಜಮಾನರು ಹೆಲ್ಮೆಟ್ಟನ್ನೇ ನೋಡಿದರು. "ನಾನಾ?"

"ಕೆಂಪು ದೀಪ ಹಾಕಬೇಡಿ, ಅಷ್ಟೆ."

ಅಂಗಳದ ಸಮತಟ್ಟಾದ ಕಡೆ ಶಿಕ್ಷೆ ಶುರುವಾಯಿತು. ಸೊಸೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಎಣಿಸಿದಳು. ಒಂದರಲ್ಲಿ ಸೈಕಲ್ಲು ಜಾರಿತು, ನಾಲ್ಕರಲ್ಲಿ ಕೊಂಚ ತಡೆಯಿತು, ಏಳರಲ್ಲಿ ಗಕ್ಕನೆ ನಿಂತಿತು, ಯಜಮಾನರು 'ಹೋ!' ಎಂದು ಕೇಕೆ ಹಾಕಿದರು. ಶಿಕ್ಷೆ ಅನುಭವಿಸುವವರು ಅಷ್ಟು ಸದ್ದು ಮಾಡಬಾರದು. ಹೆಂಡತಿ ಬಿದ್ದ ಬೆಡ್‌ಶೀಟುಗಳನ್ನು ಹೆಕ್ಕುತ್ತ, ಹನ್ನೆರಡಾದ ಮೇಲೆ ತಮ್ಮ ಪಾಳಿ ಎಂದು ಕೂಗಿ ಹೇಳಿದರು. ಹನ್ನೆರಡನೆಯ ಸುತ್ತಿಗೆ ಸೊಸೆ ಒಳಗೆ ಹೋಗಿ ಬೇರೆ ಅಂಗಿ ತೊಟ್ಟು ಬಂದಳು. ಕೈಯಲ್ಲಿ ಹುಲ್ಲಿನ ಕಲೆ, ಮಣ್ಣು ಮೆತ್ತಿದ ಜೆರ್ಸಿಯಿತ್ತು.

"ಮಾವ, ಒಂದು ನಿಮಿಷ ನಿಲ್ಲಿ. ಇದನ್ನ ಭಾನುವಾರದೊಳಗೆ ಕೊಡ್ತೀರಾ?"

ಸೈಕಲ್ಲು ಒಂದೇ ಹಿಡಿತಕ್ಕೆ ನಿಂತಿತು. ಯಜಮಾನರು ಇಳಿದು, ಅದನ್ನು ಹೆಂಡತಿಯ ಕೈಗೆ ಕೊಟ್ಟು, ಜೆರ್ಸಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ನೇರ ಅಂಗಡಿಯೊಳಗೆ ನಡೆದರು. ಸೊಸೆ ಹಿಂದೆಯೇ ಬಂದಳು. ಅವರು ಮೊದಲು ಕಾಲರಿನ ಚೀಟಿ ಓದಿದರು. ನಾಲ್ಕು ಚಿತ್ರವಿದ್ದವು, ನಾಲ್ಕನ್ನೂ ಓದಿದರು. ಆಮೇಲೆ ಅಳಿಸದ ಶಾಯಿಯ ಪೆನ್ನು ತೆಗೆದು, ಕಾಲರಿನ ಒಳಗೆ, ಮೊಣಕೈಯನ್ನು ಮೇಜಿಗೆ ಊರಿಕೊಂಡು, ದುಂಡಗೆ ಒಂದು 'ನಾಲ್ಕು' ಬರೆದರು.

"ನಾಲ್ಕಾ?" ಎಂದಳು ಸೊಸೆ. "ನಿಮ್ಮ ಗಿರಾಕಿಗಳು ಸಾವಿರದ ಮೇಲಿದಾರಲ್ಲ. ನಾಲ್ಕು ಖಾಲಿ ಇತ್ತಾ?"

"ಇಟ್ಟಿದ್ದೆ," ಎಂದರು ಯಜಮಾನರು.

ಸೊಸೆ ಆ ಅಂಕಿಯ ಮೇಲೆ ಬೆರಳಾಡಿಸಿದಳು. ಶಾಯಿ ಇನ್ನೂ ಹಸಿಯಿತ್ತು, ಬೆರಳಿಗೆ ಅಂಟಿತು. ಒರೆಸಿಕೊಳ್ಳಲಿಲ್ಲ. ಹೊರಗೆ ಅತ್ತೆ ಹದಿಮೂರನೆಯ ಸುತ್ತಿನಲ್ಲಿ ಕಿಟಾರನೆ ಕಿರುಚಿ, ಮರುಕ್ಷಣವೇ ನಗುವುದು ಕೇಳಿಸಿತು.

ಯಜಮಾನರು ಜೆರ್ಸಿಯನ್ನು ಬಕೆಟ್ಟಿಗೆ ಹಾಕಿ, ತಣ್ಣೀರು ಬಿಟ್ಟು, ಮೆದುವಾದ ಸೋಪಿನಲ್ಲಿ ಕಲೆ ತೆಗೆದು, ಜಾಲಿಸಿ, ಕೊನೆಯ ಬಕೆಟ್ಟು ತುಂಬಿಸಿದರು. ಬಲಗೈ ತಾನಾಗಿಯೇ ಎದ್ದು ನೀಲಿ ಕ್ಯಾನಿನ ಕಡೆಗೆ ಹೊರಟಿತು.

"ಮಾವ!"

"ಇಲ್ಲಮ್ಮಾ," ಎಂದು ಅವರು ಆ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. "ಬ್ರೇಕ್ ಹಿಡಿದಿದೀನಿ ನೋಡು."